ಹಂಸದ ಮೊಟ್ಟೆಗೆ ಕಾವು ಕೊಟ್ಟವರು

1838ರ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್ನಿನ ಇಪ್ಪತ್ತೈದು ವರ್ಷದ ತರುಣನೊಬ್ಬ ತನ್ನ ಮೊದಲ ಪುಸ್ತಕವನ್ನು ಹೊರತಂದ. ಗಾತ್ರದಲ್ಲಿ ಚಿಕ್ಕದು, ಓದಲು ಮಾತ್ರ ಕಬ್ಬಿಣದ ಕಡಲೆ. ಅದನ್ನು ಕೊನೆಯವರೆಗೆ ಓದಿದವರು ಇಬ್ಬರೇ, ಒಬ್ಬ ಬರೆದವನು, ಇನ್ನೊಬ್ಬ ಅದರಲ್ಲಿ ಬೈಸಿಕೊಂಡವನು ಎಂದು ಊರಿನಲ್ಲಿ ತಮಾಷೆಯ ಮಾತು ಓಡಾಡಿತು. ಬರೆದವನು ಸೋರೆನ್ ಕೀರ್ಕೆಗಾರ್ಡ್. ಬೈಸಿಕೊಂಡವನು, ಆಗಿನ್ನೂ ಹೆಚ್ಚಾಗಿ ಕಾದಂಬರಿಕಾರನೆಂದೇ ಹೆಸರಾಗಿದ್ದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್.

ಜಗಳಕ್ಕೆ ಕಾರಣ ಹಿಂದಿನ ವರ್ಷ ಬಂದಿದ್ದ ಆಂಡರ್ಸನ್ನನ ಕಾದಂಬರಿ, ‘ಬರೀ ಪಿಟೀಲುಗಾರ’. ಅದರ ನಾಯಕ ಸಣ್ಣ ಊರಿನ ಬಡ ದರ್ಜಿಯ ಮಗ. ಕೈಯಲ್ಲಿ ಅಪರೂಪದ ಸಂಗೀತವಿದೆ, ಕೈಹಿಡಿಯುವವರು ಮಾತ್ರ ಇಲ್ಲ. ಅವನು ಹಳ್ಳಿಯ ಪಿಟೀಲುಗಾರನಾಗಿಯೇ ಸಾಯುತ್ತಾನೆ. ಅವನ ಹೆಣ ಸಾಗುವ ದಾರಿಯಲ್ಲೇ, ಚಿಕ್ಕಂದಿನಲ್ಲಿ ಅವನ ಜೊತೆ ಆಡಿದ್ದ, ಈಗ ದೊಡ್ಡ ಮನೆತನ ಸೇರಿರುವ ಹೆಂಗಸು ಸಾರೋಟಿನಲ್ಲಿ ಹಾದುಹೋಗುತ್ತಾಳೆ. ಈ ಕಾದಂಬರಿಯಲ್ಲಿ ಆಂಡರ್ಸನ್ ಪ್ರತಿಭೆಯನ್ನು ಮೊಟ್ಟೆಗೆ ಹೋಲಿಸಿದ್ದ. ಕಾವು ಸಿಕ್ಕರೆ ಮರಿ, ಸಿಗದಿದ್ದರೆ ಕೊಳೆತ ಮೊಟ್ಟೆ ಎಂಬುದು ಅವನ ವಾದ. ಕೀರ್ಕೆಗಾರ್ಡನಿಗೆ ಇದು ಅಳುಬುರುಕತನವಾಗಿ ಕಂಡಿತು. ನಿಜವಾದ ಪ್ರತಿಭೆ ಗಾಳಿಗೆ ಆರಿಹೋಗುವ ಬತ್ತಿಯಲ್ಲ, ಬಿರುಗಾಳಿ ಬೀಸಿದಷ್ಟೂ ಹೆಚ್ಚು ಉರಿಯುವ ಬೆಂಕಿ ಎಂದು ಅವನು ತಿರುಗೇಟು ಕೊಟ್ಟ.

ಐದು ವರ್ಷಗಳ ನಂತರ, 1843ರ ನವೆಂಬರಿನಲ್ಲಿ, ಆಂಡರ್ಸನ್ ಮತ್ತೆ ಒಂದು ಮೊಟ್ಟೆಯ ಕತೆ ಬರೆದ. ಅದು ಲೋಕಕ್ಕೆಲ್ಲ ಗೊತ್ತಿರುವ ‘ಕುರೂಪಿ ಬಾತುಮರಿ’. ಈ ಸಲ ಮೊಟ್ಟೆ ಹಂಸದ್ದು. ಬಾತುಕೋಳಿಗಳ ಹಿತ್ತಲಲ್ಲಿ ಒಡೆದು, ಕುಟುಕಿಸಿಕೊಂಡು, ಒದೆಸಿಕೊಂಡು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಆ ಮರಿ ಹಂಸವೇ ಆಗುತ್ತದೆ. ಮೊಟ್ಟೆ ಹಂಸದ್ದಾಗಿದ್ದರೆ ಹಿತ್ತಲು ಯಾರದಾದರೇನು ಎನ್ನುವುದು ಕತೆಯ ತಾತ್ಪರ್ಯ. ಅಂದರೆ ಆಂಡರ್ಸನ್ ತನ್ನ ಎದುರಾಳಿಯ ಪಕ್ಷ ಸೇರಿಬಿಟ್ಟಿದ್ದ.

1837ರ ಆಂಡರ್ಸನ್ ಹೇಳಿದ್ದು ಸರಿ, 1843ರ ಆಂಡರ್ಸನ್ ಹೇಳಿದ್ದು ತಪ್ಪು ಎಂಬುದು ನನ್ನ ವಾದ. ಕಲೆಯಾಗಿ ನೋಡಿದರೆ ಎರಡನೆಯದು ಮೊದಲನೆಯದಕ್ಕಿಂತ ನೂರು ಪಾಲು ಮೇಲು. ಆ ಕಾದಂಬರಿಯನ್ನು ಇಂದು ಓದುವವರೇ ಕಡಿಮೆ, ಬಾತುಮರಿಯನ್ನು ಓದದ ದೇಶವಿಲ್ಲ. ಆದರೆ ಬಡ ಮಗುವೊಂದು ಹೇಗೆ ದೊಡ್ಡ ಕತೆಗಾರನಾಗುತ್ತದೆ ಎಂಬ ಪ್ರಶ್ನೆಗೆ ಆ ಕತೆ ಸುಳ್ಳು ಸಾಕ್ಷಿ ಹೇಳುತ್ತದೆ. ಆ ಸುಳ್ಳು ಚೆಲುವಾಗಿರುವುದರಿಂದ, ಉಳ್ಳವರಿಗೆ ಅನುಕೂಲವಾಗಿಯೂ ಇರುವುದರಿಂದ, ಎಲ್ಲೆಡೆ ಚಲಾವಣೆಯಲ್ಲಿದೆ. ನಮ್ಮ ಸನ್ಮಾನ ಸಭೆಗಳಲ್ಲಿ ‘ಕೆಸರಿನಲ್ಲಿ ಅರಳಿದ ಕಮಲ’ ಎಂದು ಚಪ್ಪಾಳೆ ಗಿಟ್ಟಿಸುವ ಭಾಷಣಗಳೂ ಇದೇ ಜಾತಿಗೆ ಸೇರಿದವು.

ಆಂಡರ್ಸನ್ ಹುಟ್ಟಿದ್ದು 1805ರ ಏಪ್ರಿಲ್ 2ರಂದು, ಡೆನ್ಮಾರ್ಕಿನ ಫ್ಯೂನ್ ದ್ವೀಪದ ಓಡೆನ್ಸ ಪಟ್ಟಣದಲ್ಲಿ. ಅಪ್ಪ ಬೂಟು ಹೊಲಿಯುವವನು, ಅಮ್ಮ ಊರವರ ಬಟ್ಟೆ ಒಗೆಯುವವಳು. ಒಬ್ಬ ಕೌಂಟ್ ಸತ್ತಾಗ ಅವನ ಶವಪೆಟ್ಟಿಗೆ ಇಟ್ಟಿದ್ದ ಮರದ ಚೌಕಟ್ಟನ್ನು ಅಪ್ಪ ಅಗ್ಗಕ್ಕೆ ಕೊಂಡು ಮಂಚ ಮಾಡಿಕೊಂಡಿದ್ದನಂತೆ. ಕರಿಬಟ್ಟೆಯ ಚೂರುಗಳು ಅದಕ್ಕೆ ಇನ್ನೂ ಅಂಟಿಕೊಂಡಿದ್ದವು ಎಂದು ಆಂಡರ್ಸನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಪ್ಪನಿಗೆ ಓದುವ ಹುಚ್ಚು. ಅರೇಬಿಯನ್ ಇರುಳುಗಳ ಕತೆಗಳನ್ನೂ ಹೋಲ್ಬೆರ್ಗನ ನಾಟಕಗಳನ್ನೂ ಮಗನಿಗೆ ಓದಿ ಹೇಳುತ್ತಿದ್ದ, ಆಟಿಕೆಯ ರಂಗಮಂದಿರ ಮಾಡಿಕೊಟ್ಟಿದ್ದ.

ಈ ಅಪ್ಪನ ಬಗ್ಗೆ ಆತ್ಮಕಥೆಯಲ್ಲಿ ಬರುವ ಒಂದು ಪ್ರಸಂಗ ನನಗೆ ಇಡೀ ಪುಸ್ತಕಕ್ಕಿಂತ ಮುಖ್ಯವೆನಿಸುತ್ತದೆ. ಒಂದು ದಿನ ಲ್ಯಾಟಿನ್ ಶಾಲೆಯ ವಿದ್ಯಾರ್ಥಿಯೊಬ್ಬ ಬೂಟಿನ ಅಳತೆ ಕೊಡಲು ಬಂದು, ತನ್ನ ಪುಸ್ತಕಗಳನ್ನು ತೋರಿಸಿ, ತಾನು ಕಲಿಯುತ್ತಿರುವ ಪಾಠಗಳ ಬಗ್ಗೆ ಮಾತಾಡಿದ. ಕೇಳುತ್ತ ಕೇಳುತ್ತ ಅಪ್ಪನ ಕಣ್ಣಲ್ಲಿ ನೀರು ಬಂತು. ತಾನೂ ಹೋಗಬೇಕಾಗಿದ್ದುದು ಆ ಶಾಲೆಗೇ ಎಂದು ಮಗನಿಗೆ ಹೇಳಿದ. ಅವನು ಚಿಕ್ಕವನಿದ್ದಾಗ ಊರಿನ ಕೆಲವು ಅನುಕೂಲಸ್ಥರು ಹಣ ಕೂಡಿಸಿ ಓದಿಸುವ ಮಾತಾಡಿದ್ದರು. ಮಾತು ಮಾತಾಗಿಯೇ ಉಳಿಯಿತು. ಅವನು ಬೂಟು ಹೊಲಿದ. ನೆಪೋಲಿಯನ್ ಯುದ್ಧದ ಕಾಲದಲ್ಲಿ ಬೇರೊಬ್ಬನ ಬದಲಿಗೆ ದುಡ್ಡಿಗಾಗಿ ಸೈನ್ಯ ಸೇರಿದ, ಆರೋಗ್ಯ ಕೆಡಿಸಿಕೊಂಡು ಬಂದ, 1816ರಲ್ಲಿ ತೀರಿಕೊಂಡ.

ಅಪ್ಪನ ಅಪ್ಪ ಬುದ್ಧಿ ಸ್ಥಿಮಿತದಲ್ಲಿಲ್ಲದವನು. ಮರದಲ್ಲಿ ವಿಚಿತ್ರ ಬೊಂಬೆಗಳನ್ನು ಕೆತ್ತುತ್ತ ಬೀದಿಯಲ್ಲಿ ತಿರುಗುತ್ತಿದ್ದ ಅವನನ್ನು ಹುಡುಗರು ಹಿಂದೆ ಬಿದ್ದು ಅಣಕಿಸುತ್ತಿದ್ದರು. ಅಲ್ಲಿಗೆ ಒಂದೇ ಮನೆತನದಲ್ಲಿ ಮೂರು ತಲೆಮಾರು. ಮೂವರಲ್ಲೂ ಕಲ್ಪನೆಯ ಕಿಡಿ ಇತ್ತು. ಕೀರ್ಕೆಗಾರ್ಡನ ಬಿರುಗಾಳಿ ಮೂವರ ಮೇಲೂ ಬೀಸಿತು. ಹತ್ತಿ ಉರಿದದ್ದು ಒಬ್ಬನಲ್ಲಿ ಮಾತ್ರ. ಅವನು ಉಳಿದಿಬ್ಬರಿಗಿಂತ ದೊಡ್ಡ ಪ್ರತಿಭೆ, ಅದಕ್ಕೇ ಗೆದ್ದ ಎನ್ನಬಹುದು. ಆದರೆ ಗೆದ್ದ ಮೇಲೆ ತಾನೇ ಅವನ ಪ್ರತಿಭೆಯ ಗಾತ್ರ ನಮಗೆ ಗೊತ್ತಾದದ್ದು? ಸೋತವರ ಪ್ರತಿಭೆಯನ್ನು ಅಳೆಯುವುದು ಹೇಗೆ? ‘ಬೆಳೆವ ಸಿರಿ ಮೊಳಕೆಯಲ್ಲೇ ಕಾಣು’ ಎನ್ನುವವರು ಬೆಳೆದು ನಿಂತ ಮರದ ಕೆಳಗೆ ನಿಂತು ಆ ಮಾತು ಹೇಳುತ್ತಾರೆ. ಒಣಗಿದ ಮೊಳಕೆಗಳ ಲೆಕ್ಕ ಇಡುವವರಿಲ್ಲ.

ಓಡೆನ್ಸದ ಬಡತನ ಅವನಿಗೆ ಏನನ್ನೂ ಕೊಡಲಿಲ್ಲ ಎಂದರೆ ಅದೂ ತಪ್ಪಾದೀತು. ಅಜ್ಜಿ ಊರಿನ ಹುಚ್ಚಾಸ್ಪತ್ರೆ ಮತ್ತು ಬಡವರ ಆಸ್ಪತ್ರೆಗೆ ಸೇರಿದ ತೋಟದಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿನ ನೂಲುವ ಕೋಣೆಯಲ್ಲಿ ಮುದುಕಿಯರು ದಾರ ತೆಗೆಯುತ್ತ ಕೂತಿರುತ್ತಿದ್ದರು. ಹುಡುಗ ಅವರಿಗೆ ಮನುಷ್ಯನ ಹೊಟ್ಟೆಯೊಳಗೆ ಏನೇನಿದೆ ಎಂದು ಬಾಯಿಗೆ ಬಂದದ್ದನ್ನು ಹೇಳಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದ. ಅವರು ಅದಕ್ಕೆ ಪ್ರತಿಯಾಗಿ ತಮ್ಮ ಕತೆಗಳನ್ನು ಹೇಳುತ್ತಿದ್ದರು. 1835ರ ಮೇ ತಿಂಗಳಲ್ಲಿ ಬಂದ ಅವನ ಮೊದಲ ಕತೆಗಳ ಕಿರುಹೊತ್ತಿಗೆಯಲ್ಲಿ ನಾಲ್ಕು ಕತೆಗಳಿವೆ. ಅವುಗಳಲ್ಲಿ ‘ಚಕಮಕಿ ಪೆಟ್ಟಿಗೆ’, ‘ಚಿಕ್ಕ ಕ್ಲಾಸ್ ದೊಡ್ಡ ಕ್ಲಾಸ್’ ಮೊದಲಾದವು ಹೀಗೆ ಬಾಲ್ಯದಲ್ಲಿ ಕಿವಿಗೆ ಬಿದ್ದ ಕತೆಗಳೇ. ಕತೆಗಳಿಗಿಂತ ಹೆಚ್ಚಾಗಿ ಅವನು ಹೊತ್ತು ತಂದದ್ದು ಅವುಗಳನ್ನು ಹೇಳುವ ಧಾಟಿಯನ್ನು. ಪೀಠಿಕೆಯಿಲ್ಲದೆ ಶುರುವಾಗುವ, ನಡುನಡುವೆ ಉದ್ಗರಿಸುವ, ಕೇಳುಗರ ಮುಖ ನೋಡಿಕೊಂಡು ತಿರುಗುವ ಆ ಮಾತುಗಾರಿಕೆಯೇ ಯುರೋಪಿನ ಮಕ್ಕಳ ಸಾಹಿತ್ಯದ ದಿಕ್ಕು ಬದಲಿಸಿತು. ಆಗಿನ ವಿಮರ್ಶಕರಿಗೆ ಅದೇ ದೋಷವಾಗಿ ಕಂಡಿತ್ತು. ಆಡುಮಾತನ್ನು ಹಾಗೇ ಅಚ್ಚಿಗೆ ಹಾಕಿದ್ದಾನೆ, ಕತೆಗಳಲ್ಲಿ ನೀತಿಯೇ ಇಲ್ಲ ಎಂದು ಅವರು ಗೊಣಗಿದರು. ಇನ್ನು ಆ ನೂಲುವ ಮುದುಕಿಯರೋ, ಅವರೂ ಕತೆಗಾರರೇ. ಯಾರೂ ಅವರ ಹೆಸರು ಬರೆದಿಡಲಿಲ್ಲ.

ಬಡತನ ಸರಕು ಕೊಟ್ಟಿತು, ಧಾಟಿ ಕೊಟ್ಟಿತು. ಕೂತು ಬರೆಯುವ ಬಿಡುವನ್ನು ಅದು ಕೊಡಲಾರದು. ಅಪ್ಪ ಸತ್ತ ಮೇಲೆ ಹುಡುಗನನ್ನು ಬಟ್ಟೆ ಗಿರಣಿಗೆ ಕಳಿಸಿದರು. ಅವನ ಹಾಡು ಕೇಳಿದ ಕೂಲಿಗಳು ಇವನು ಹುಡುಗನೋ ಹುಡುಗಿಯೋ ನೋಡೋಣ ಎಂದು ಹಿಡಿದೆಳೆದಾಗ ಅಳುತ್ತ ಮನೆಗೆ ಓಡಿಬಂದ. ಆಮೇಲೆ ಹೊಗೆಸೊಪ್ಪಿನ ಕಾರ್ಖಾನೆ. ಅಮ್ಮನಿಗೆ ಅವನು ದರ್ಜಿಯಾಗಲಿ ಎಂಬ ಆಸೆ. ಅವನಿಗೆ ರಂಗಭೂಮಿಯ ಗೀಳು. 1819ರ ಸೆಪ್ಟೆಂಬರಿನಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಹದಿಮೂರೇ ರಿಕ್ಸ್‌ಡಾಲರು ಕಟ್ಟಿಕೊಂಡು ಕೋಪನ್‌ಹೇಗನ್ನಿಗೆ ಹೋದ. ಅಮ್ಮ ಒಪ್ಪಿದ್ದು ಶಕುನ ಹೇಳುವ ಹೆಂಗಸಿನ ಮಾತು ನಂಬಿ. ಈ ಹುಡುಗನಿಗಾಗಿ ಓಡೆನ್ಸ ಒಂದು ದಿನ ದೀಪ ಹಚ್ಚಿಕೊಳ್ಳುತ್ತದೆ ಎಂದು ಅವಳು ಹೇಳಿದ್ದಳು.

ರಾಜಧಾನಿಯ ಮೊದಲ ಮೂರು ವರ್ಷಗಳನ್ನು ಜೀವನಚರಿತ್ರೆಗಳು ಸಾಹಸವೆಂಬಂತೆ ವರ್ಣಿಸುತ್ತವೆ. ನಿಜವಾಗಿ ಅದು ಅಲೆದಾಟ. ನರ್ತಕಿಯೊಬ್ಬಳ ಮನೆಗೆ ನುಗ್ಗಿ, ಬೂಟು ಬಿಚ್ಚಿಟ್ಟು ಕುಣಿದು ತೋರಿಸಿದ, ಅವಳು ಇವನಿಗೆ ಹುಚ್ಚೆಂದುಕೊಂಡಳು. ಗಾಯನಶಾಲೆಯ ಇಟಲಿಯವ ಸಿಬೋನಿ ಊಟ ಹಾಕಿ ಹಾಡು ಕಲಿಸಿದ, ಸಂಗೀತ ರಚನಕಾರ ವೈಸ ಚಂದಾ ಎತ್ತಿಕೊಟ್ಟ. ಅಷ್ಟರಲ್ಲಿ ಹುಡುಗನ ಗಂಟಲು ಒಡೆಯಿತು. ವಾಸಕ್ಕೆ ಕೆಟ್ಟ ಹೆಸರಿನ ಬೀದಿಯೊಂದರಲ್ಲಿ ಕಿಟಕಿಯಿಲ್ಲದ ಉಗ್ರಾಣ. ಬರೆದ ನಾಟಕಗಳನ್ನು ರಾಜರಂಗಮಂದಿರಕ್ಕೆ ಕೊಟ್ಟ, ತಿರಸ್ಕೃತವಾದವು. ಬರೆದವನಿಗೆ ಪ್ರಾಥಮಿಕ ವಿದ್ಯೆಯೂ ಇಲ್ಲವೆಂಬುದು ಓದಿದವರಿಗೆ ತಕ್ಷಣ ತಿಳಿಯಿತು. ಆದರೆ ಅಲ್ಲಲ್ಲಿ ಹೊಳೆಯುವ ಸಾಲುಗಳಿವೆ ಎಂದೂ ಅವರಿಗೆ ಕಂಡಿತು. ರಂಗಮಂದಿರದ ಆಡಳಿತದಲ್ಲಿದ್ದ ಯೋನಾಸ್ ಕಾಲಿನ್ ಎಂಬ ಹಿರಿಯ ಅಧಿಕಾರಿ ಕಡತ ತಯಾರಿಸಿದ. ಸಾರ್ವಜನಿಕ ಉಪಯೋಗಕ್ಕೆಂದು ಇದ್ದ ರಾಜನಿಧಿಯಿಂದ ಹುಡುಗನ ಶಾಲೆಯ ಖರ್ಚಿಗೆ ದೊರೆ ಆರನೇ ಫ್ರೆಡೆರಿಕ್ ಹಣ ಮಂಜೂರು ಮಾಡಿದ. ವರ್ಷ 1822.

ಇಲ್ಲಿ ಕೊಂಚ ನಿಲ್ಲಬೇಕು. ಡೆನ್ಮಾರ್ಕ್ ಆಗ ಯುದ್ಧದಲ್ಲಿ ಸೋತು ಬಡವಾಗಿದ್ದ ದೇಶ. 1813ರಲ್ಲಿ ಸರ್ಕಾರವೇ ದಿವಾಳಿ ಎದ್ದಿತ್ತು. 1814ರಲ್ಲಿ ನಾರ್ವೆ ಕೈಬಿಟ್ಟು ಹೋಯಿತು. ಅದೇ 1814ರಲ್ಲಿ ಆ ದೇಶ ಮಕ್ಕಳೆಲ್ಲರಿಗೂ ಕಡ್ಡಾಯ ಶಿಕ್ಷಣದ ಕಾಯಿದೆ ತಂದಿತು! ನಿರಂಕುಶ ಅರಸೊತ್ತಿಗೆ, ಖಾಲಿ ಬೊಕ್ಕಸ, ಆದರೂ ಒಬ್ಬ ಬೂಟು ಹೊಲಿಯುವವನ ಮಗನನ್ನು ಓದಿಸಲು ಒಂದು ನಿಧಿ, ಅದಕ್ಕೊಂದು ಕಡತ, ಕಡತದ ಹಿಂದೆ ಓಡಾಡುವ ಒಬ್ಬ ಅಧಿಕಾರಿ. ಮುಂದೆ 1833ರಲ್ಲಿ ಇಟಲಿಗೆ ಹೋಗಲು ಅರಸನ ಪ್ರವಾಸ ವೇತನ ಸಿಕ್ಕಿತು, 1838ರಿಂದ ವರ್ಷಕ್ಕೆ 400 ರಿಕ್ಸ್‌ಡಾಲರುಗಳ ಕಾಯಂ ವೇತನ. ಕೀರ್ಕೆಗಾರ್ಡ್ ಆ ಪುಸ್ತಕ ತಂದದ್ದೂ ಅದೇ ವರ್ಷ ಎಂಬುದು ತಮಾಷೆ. ‘ಪುಟ್ಟ ಮತ್ಸ್ಯಕನ್ಯೆ’ಯ ನಂತರ ಬಂದ ಕತೆಗಳನ್ನೆಲ್ಲ ಆಂಡರ್ಸನ್ ಈ ಸರ್ಕಾರಿ ಹಣದ ನೆರಳಲ್ಲಿ ಬರೆದ.

ಕೀರ್ಕೆಗಾರ್ಡನ ಅಪ್ಪ ಉಣ್ಣೆಯ ವ್ಯಾಪಾರದಲ್ಲಿ ಗಳಿಸಿದ ಸಾಹುಕಾರ. ಮಗ ಪಿತ್ರಾರ್ಜಿತದಲ್ಲಿ ಬದುಕಿ ಬರೆದ. ಬಿರುಗಾಳಿಯನ್ನು ಬೆಚ್ಚಗಿನ ಮನೆಯ ಕಿಟಕಿಯಿಂದ ನೋಡಿದವನು ಅವನು ಎಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡಿದರೆ ಅವನಿಗೆ ಅನ್ಯಾಯ. ಆಂಡರ್ಸನ್ನನ ನಾಯಕ ತನ್ನ ಮೇಲೆ ತಾನೇ ಕನಿಕರಪಡುತ್ತ ಕೂರುತ್ತಾನೆ, ಬರೆಯುವವನಿಗೆ ತನ್ನದೇ ಆದ ಜೀವನದೃಷ್ಟಿ ಬೇಕು, ಇವನಲ್ಲಿ ಅದಿಲ್ಲ ಎಂಬ ಅವನ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಾವಿನ ವಿಚಾರದಲ್ಲಿ ಅವನು ತನ್ನ ಮನೆಯನ್ನೇ ನೋಡಿಕೊಳ್ಳಬಹುದಾಗಿತ್ತು. ಅವನ ಅಪ್ಪ ಯುಟ್‌ಲ್ಯಾಂಡಿನ ಬಯಲಿನಲ್ಲಿ ಚಳಿಗೆ ನಡುಗುತ್ತ ಕುರಿ ಕಾಯುತ್ತಿದ್ದ ಹುಡುಗ. ಬಂಧುವೊಬ್ಬ ಕೋಪನ್‌ಹೇಗನ್ನಿಗೆ ಕರೆಸಿ ಅಂಗಡಿಯ ಕೆಲಸ ಕಲಿಸದೆ ಹೋಗಿದ್ದರೆ ಉಣ್ಣೆಯೂ ಇಲ್ಲ, ಆಸ್ತಿಯೂ ಇಲ್ಲ, ಪ್ರಾಯಶಃ ತತ್ತ್ವಜ್ಞಾನವೂ ಇಲ್ಲ.

ಹಾಗಾದರೆ ಆಶ್ರಯ ಸಿಕ್ಕಿತು, ಎಲ್ಲ ಸುಖವಾಯಿತೆ? ಇಲ್ಲ. ಬಾತುಮರಿಯ ಕತೆ ಬಚ್ಚಿಡುವ ಎರಡನೆಯ ಸತ್ಯ ಹಂಗು. ಶಾಲೆಗೆ ಸೇರಿದಾಗ ಅವನಿಗೆ ಹದಿನೇಳು ವರ್ಷ. ಸ್ಲಾಗೆಲ್ಸ ಊರಿನಲ್ಲಿ ಹನ್ನೊಂದು ಹನ್ನೆರಡರ ಮಕ್ಕಳ ನಡುವೆ, ಮೊಣಕಾಲು ಬೆಂಚಿಗೆ ತಾಕುವ ಉದ್ದನೆಯ ಹುಡುಗ ಕೂತು ಲ್ಯಾಟಿನ್ ವ್ಯಾಕರಣ ಬಾಯಿಪಾಠ ಮಾಡಬೇಕಾಯಿತು. ಮುಖ್ಯೋಪಾಧ್ಯಾಯ ಮೈಸ್ಲಿಂಗ್ ಅವನನ್ನು ಎಲ್ಲರೆದುರು ಹೀಯಾಳಿಸುತ್ತಿದ್ದ, ಕವಿತೆ ಬರೆಯುವುದನ್ನು ನಿಷೇಧಿಸಿದ್ದ. ಆ ಮೇಷ್ಟರು ಮುಪ್ಪಿನವರೆಗೂ ಆಂಡರ್ಸನ್ನನ ಕೆಟ್ಟ ಕನಸುಗಳಲ್ಲಿ ಬರುತ್ತಿದ್ದರೆಂಬುದು ಅವನ ದಿನಚರಿಯಿಂದ ಗೊತ್ತಾಗುತ್ತದೆ. ರಾಜನಿಧಿಯ ಹಣ ತಿನ್ನುವವನು ದೂರು ಹೇಳುವಂತಿಲ್ಲ. ದೂರಿದರೆ ಅದು ಕೃತಘ್ನತೆ.

1828ರಲ್ಲಿ ಪರೀಕ್ಷೆ ಮುಗಿಸಿ ಕೋಪನ್‌ಹೇಗನ್ನಿನಲ್ಲಿ ನೆಲೆಸಿದ ಮೇಲೆ ಅವನ ಊಟದ ವ್ಯವಸ್ಥೆ ಹೇಗಿತ್ತು ಎಂಬುದು ಕನ್ನಡದ ಓದುಗರಿಗೆ ಬೇಗ ಅರ್ಥವಾಗುತ್ತದೆ. ವಾರದ ಒಂದೊಂದು ದಿನ ಒಂದೊಂದು ಮನೆ. ಕಾಲಿನ್ ಮನೆತನ, ವಿದ್ಯುತ್ತಿಗೂ ಕಾಂತಕ್ಕೂ ಇರುವ ಸಂಬಂಧ ಕಂಡುಹಿಡಿದ ವಿಜ್ಞಾನಿ ಎರ್ಸ್ಟೆಡ್‌ನ ಮನೆ, ಶೇಕ್ಸ್‌ಪಿಯರನನ್ನು ಅನುವಾದಿಸಿದ ನೌಕಾಧಿಕಾರಿ ವುಲ್ಫ್‌ನ ಮನೆ, ಹೀಗೆ. ಅದು ಅಪ್ಪಟ ವಾರಾನ್ನ. ಹೆಸರು ಬಂದ ಮೇಲೂ, ದುಡ್ಡು ಬಂದ ಮೇಲೂ, ಅವನು ಈ ಕ್ರಮವನ್ನು ಬಿಡಲಿಲ್ಲ. ನಮ್ಮಲ್ಲಿ ವಾರಾನ್ನ ಉಂಡು ಓದಿದವರ ನೆನಪುಗಳನ್ನು, ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯಂಥ ಪುಸ್ತಕವನ್ನು ಓದಿದವರಿಗೆ ಆ ಅನ್ನದ ರುಚಿ ಗೊತ್ತಿದೆ. ಹೊಟ್ಟೆ ತುಂಬುತ್ತದೆ, ಎದ್ದು ಕೈ ತೊಳೆಯುವಾಗ ಮನೆಯವರ ಮುಖ ನೋಡಬೇಕಾಗುತ್ತದೆ. ಜೊತೆಗೆ ನಮ್ಮ ವಾರಾನ್ನಕ್ಕೆ ಜಾತಿಯ ಬಾಗಿಲಿತ್ತು. ಆ ಬಾಗಿಲಿನ ಹೊರಗಿದ್ದವರಿಗೆ ಮಠಗಳ ಉಚಿತ ಪ್ರಸಾದ ನಿಲಯಗಳು, ಸರ್ಕಾರದ ಹಾಸ್ಟೆಲುಗಳು ಬರುವವರೆಗೆ ಕಾಯಬೇಕಾಯಿತು. ಅವು ಬಂದ ಮೇಲೆ ಕನ್ನಡ ಸಾಹಿತ್ಯದ ಚಹರೆಯೇ ಬದಲಾಯಿತು ಎಂಬುದನ್ನು ಯಾರಾದರೂ ಅಲ್ಲಗಳೆಯಲಿ ನೋಡೋಣ. ಪ್ರತಿಭೆ ಅದಕ್ಕೆ ಮೊದಲೂ ಇತ್ತಲ್ಲ?

ಕಾಲಿನ್ ಮನೆಯವರು ಕೆಟ್ಟವರಲ್ಲ. ಹಿರಿಯ ಕಾಲಿನ್‌ನನ್ನು ಆಂಡರ್ಸನ್ ತಂದೆಯೆಂದೇ ಭಾವಿಸಿದ್ದ. ಆದರೂ 1831ರಲ್ಲಿ ಆ ಮನೆಯ ಮಗ, ತನ್ನ ಗೆಳೆಯನೆಂದೇ ತಿಳಿದಿದ್ದ ಎಡ್ವರ್ಡ್‌ಗೆ ಅವನೊಂದು ಪತ್ರ ಬರೆದು, ಇನ್ನು ಮೇಲೆ ಒಬ್ಬರನ್ನೊಬ್ಬರು ಬಹುವಚನ ಬಿಟ್ಟು ಏಕವಚನದಲ್ಲಿ ಕರೆಯೋಣವೇ ಎಂದು ಕೇಳಿದ. ಎಡ್ವರ್ಡ್ ಸೌಜನ್ಯದಿಂದಲೇ ಒಲ್ಲೆನೆಂದ. ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವವರು ಒಂದೇ ಮಟ್ಟದಲ್ಲಿ ಮಾತಾಡಲು ಒಪ್ಪಲಿಲ್ಲ. ಆಂಡರ್ಸನ್ ಈ ಪೆಟ್ಟನ್ನು ಮರೆಯಲಿಲ್ಲ. 1847ರ ‘ನೆರಳು’ ಕತೆಯಲ್ಲಿ ವಿದ್ವಾಂಸನೊಬ್ಬನ ನೆರಳು ಅವನಿಂದ ಕಳಚಿಕೊಂಡು ಹೋಗಿ, ಲೋಕ ಸುತ್ತಿ, ಶ್ರೀಮಂತನಾಗಿ ಮರಳುತ್ತದೆ. ಒಡೆಯ ಸಲಿಗೆಯಿಂದ ಏಕವಚನಕ್ಕೆ ಇಳಿಯೋಣ ಎಂದಾಗ, ಹಾಗೆ ಕರೆಸಿಕೊಳ್ಳುವುದು ತನಗೆ ಆಗಿಬರುವುದಿಲ್ಲ ಎನ್ನುತ್ತದೆ. ಕೊನೆಗೆ ನೆರಳು ಒಡೆಯನಾಗಿ, ವಿದ್ವಾಂಸನೇ ನೆರಳಾಗಿ, ಅವನ ಕತೆಯೇ ಮುಗಿದುಹೋಗುತ್ತದೆ. ಮಕ್ಕಳ ಕತೆಯೆಂಬ ಹಣೆಪಟ್ಟಿ ಹೊತ್ತ ಇಷ್ಟು ಕ್ರೂರವಾದ ಬರಹ ಆ ಶತಮಾನದಲ್ಲಿ ಇನ್ನೊಂದು ಇದೆಯೋ ಇಲ್ಲವೋ. ತನ್ನ ಪ್ರತಿಮೆಯ ಮಾದರಿಯಲ್ಲಿ ಸುತ್ತ ಮಕ್ಕಳನ್ನು ಕೂರಿಸಿದ್ದನ್ನು ಕಂಡು ಆಂಡರ್ಸನ್ ಸಿಟ್ಟಾದದ್ದು ಸುಮ್ಮನೆ ಅಲ್ಲ.

ಆಂಡರ್ಸನ್ನನ ಆತ್ಮಕಥೆಯನ್ನೂ ಅವನ ಕತೆಗಳನ್ನೂ ಅಕ್ಕಪಕ್ಕ ಇಟ್ಟು ಓದಬೇಕೆಂದು ನಾನು ಹೇಳುವುದು ಇದಕ್ಕೇ. ಆತ್ಮಕಥೆಯ ಹೆಸರೇ ‘ನನ್ನ ಬದುಕಿನ ಅದ್ಭುತ ಕತೆ’. ಅಲ್ಲಿ ದೈವ ಒಳ್ಳೆಯದು, ದೊರೆ ಒಳ್ಳೆಯವನು, ಸಿಕ್ಕವರೆಲ್ಲ ಉಪಕಾರಿಗಳು. ಉಪಕಾರ ಪಡೆದವನು ಬರೆದ ರಸೀದಿಯದು. ಕತೆಗಳಲ್ಲಿ ಮಾತ್ರ ಅವನು ಯಾರ ಹಂಗಿಲ್ಲದೆ ಮಾತಾಡಿದ. ‘ಚಕ್ರವರ್ತಿಯ ಹೊಸ ಬಟ್ಟೆ’ಗೆ ಮೂಲ ಹದಿನಾಲ್ಕನೆಯ ಶತಮಾನದ ಒಂದು ಸ್ಪ್ಯಾನಿಷ್ ಕತೆ. ಬೆತ್ತಲೆಯನ್ನು ಬೆತ್ತಲೆ ಎನ್ನುವ ಮಗುವನ್ನು ಸೇರಿಸಿದವನು ಆಂಡರ್ಸನ್, ಅದೂ ಅಚ್ಚಿನ ಕರಡು ತಿದ್ದುವ ಹೊತ್ತಿಗೆ. ಕನ್ನಡ ಪತ್ರಿಕೆಗಳಲ್ಲಿ ರಾಜ ಬೆತ್ತಲೆ ಎಂದು ಶೀರ್ಷಿಕೆ ಕೊಡುವಾಗ ನಾವು ಬಳಸಿಕೊಳ್ಳುವುದು ಆ ಕೊನೆಗಳಿಗೆಯ ತಿದ್ದುಪಡಿಯನ್ನೇ. ಅರಮನೆಯ ವೇತನಕ್ಕಾಗಿ ಕಾದಿದ್ದ ಕವಿ ತಾನು ಹೇಳಲಾಗದ್ದನ್ನು, ಯಾರ ಋಣವೂ ಇಲ್ಲದ ಮಗುವಿನ ಬಾಯಲ್ಲಿ ಹೇಳಿಸಿದ.

ಅವನ ಅಮ್ಮನ ಕತೆ ಇನ್ನೂ ಕಠಿಣ. ಅವಳು ಚಿಕ್ಕವಳಿದ್ದಾಗ ಮನೆಯವರು ಭಿಕ್ಷೆಗೆ ಅಟ್ಟುತ್ತಿದ್ದರು. ಕೈಚಾಚಲು ನಾಚಿ ಓಡೆನ್ಸದ ಸೇತುವೆಯ ಕೆಳಗೆ ಕೂತು ದಿನವಿಡೀ ಅತ್ತಳಂತೆ. ಇದರಿಂದ ‘ಬೆಂಕಿಕಡ್ಡಿ ಮಾರುವ ಹುಡುಗಿ’ ಹುಟ್ಟಿತು. ಅದನ್ನು ಬರೆದದ್ದು 1845ರ ನವೆಂಬರಿನಲ್ಲಿ, ಡ್ಯೂಕನ ಅತಿಥಿಯಾಗಿ ಗ್ರಾಸ್ಟೆನ್ ಅರಮನೆಯಲ್ಲಿದ್ದಾಗ. ಪಂಚಾಂಗವೊಂದರ ಸಂಪಾದಕ ಕಳಿಸಿದ ಚಿತ್ರಗಳಲ್ಲಿ ಒಂದಕ್ಕೆ ಕತೆ ಬೇಕಾಗಿತ್ತು, ನೆನಪು ತಾನಾಗಿ ಎದ್ದುಬಂತು. ಮುಪ್ಪಿನಲ್ಲಿ ಅಮ್ಮ ಕುಡಿತಕ್ಕೆ ಬಿದ್ದು, ಓಡೆನ್ಸದ ಬಡವರ ಆಶ್ರಯಧಾಮದಲ್ಲಿ 1833ರಲ್ಲಿ ಸತ್ತಳು. ಮಗನಿಗೆ ಸುದ್ದಿ ತಲುಪಿದ್ದು ಅರಸನ ವೇತನದಲ್ಲಿ ರೋಮಿನಲ್ಲಿದ್ದಾಗ. ಸುಮಾರು ಎರಡು ದಶಕಗಳ ನಂತರ ಬರೆದ ‘ಅವಳು ಕೆಲಸಕ್ಕೆ ಬಾರದವಳು’ ಎಂಬ ಕತೆಯಲ್ಲಿ, ಕೊರೆಯುವ ನದಿನೀರಿನಲ್ಲಿ ನಿಂತು ಬಟ್ಟೆ ಒಗೆಯುವ ಹೆಂಗಸು ಮೈ ಬಿಸಿಮಾಡಿಕೊಳ್ಳಲು ಗುಟುಕು ಸಾರಾಯಿ ಕುಡಿಯುತ್ತಾಳೆ. ಮನೆಯಲ್ಲಿ ದ್ರಾಕ್ಷಾರಸದ ಔತಣ ಮಾಡುವ ಊರಿನ ಮೇಯರ್ ಅವಳನ್ನು ನಾಲಾಯಕ್ಕು ಎಂದು ಅವಳ ಮಗನೆದುರೇ ಹಳಿಯುತ್ತಾನೆ. ಆತ್ಮಕಥೆಯ ಉಪಕಾರಿಗಳು ಇಲ್ಲಿ ಎಲ್ಲಿ ಹೋದರು?

ಇನ್ನೊಬ್ಬಳಿದ್ದಾಳೆ. ಕಾರೆನ್ ಮಾರಿ, ಅದೇ ಅಮ್ಮನಿಗೆ ಮದುವೆಗೆ ಮೊದಲು, 1799ರಲ್ಲಿ ಹುಟ್ಟಿದ ಮಗಳು. ಅವಳೂ ಕೋಪನ್‌ಹೇಗನ್ನಿಗೆ ಬಂದಳು, ಅಲ್ಲೇ ಬಡತನದಲ್ಲಿ ಬದುಕಿದಳು. ಅವಳು ಎದುರಾದರೆ ತನ್ನ ಮಾನ ಏನಾದೀತೆಂದು ಆಂಡರ್ಸನ್ ಅಂಜುತ್ತಿದ್ದ. 1842ರಲ್ಲಿ ಅವಳ ಕಡೆಯಿಂದ ಪತ್ರ ಬಂದಾಗ ಒಂದಿಷ್ಟು ಹಣ ಕೊಟ್ಟು ಕಳಿಸಿದ. ಅವಳು ಸತ್ತದ್ದು 1846ರಲ್ಲಿ, ತಮ್ಮನಿಗೆ ಡೆನ್ಮಾರ್ಕಿನ ನೈಟ್ ಪದವಿ ಸಿಕ್ಕ ವರ್ಷ. ಅವಳಿಗೆ ಕತೆ ಕಟ್ಟುವ ಶಕ್ತಿ ಇತ್ತೋ ಇಲ್ಲವೋ, ಹುಡುಕಿ ನೋಡಿದವರು ಯಾರೂ ಇಲ್ಲ. ಒಗೆಯುವವಳ ಮಗಳು ನಾಟಕ ಬರೆದು ಕೊಟ್ಟಿದ್ದರೆ ರಂಗಮಂದಿರದ ಹಿರಿಯರು ಕಡತ ತೆರೆಯುತ್ತಿದ್ದರೇ? ಲ್ಯಾಟಿನ್ ಶಾಲೆಯಲ್ಲಂತೂ ಹುಡುಗಿಯರಿಗೆ ಜಾಗವೇ ಇರಲಿಲ್ಲ. ಒಂದೇ ಗೂಡಿನ ಎರಡು ಮೊಟ್ಟೆಗಳಲ್ಲಿ ಒಂದಕ್ಕೆ ಕಾವು ಕೊಡುವ ಏರ್ಪಾಡೇ ಆ ದೇಶದಲ್ಲಿ ಇರದಿದ್ದಾಗ, ಯಾವುದು ಹಂಸದ್ದು, ಯಾವುದು ಬಾತಿನದು ಎಂಬ ತೀರ್ಮಾನಕ್ಕೆ ಬರುವುದು ಹೇಗೆ?

ಬಡತನವನ್ನು ಇದ್ದಂತೆ ಹೇಳದ ಈ ಅಭ್ಯಾಸ ಆಂಡರ್ಸನ್ನನೊಬ್ಬನದಲ್ಲ. ಅವನ ಸಮಕಾಲೀನ ಚಾರ್ಲ್ಸ್ ಡಿಕನ್ಸ್ ಹನ್ನೆರಡನೆಯ ವಯಸ್ಸಿನಲ್ಲಿ, 1824ರಲ್ಲಿ, ಲಂಡನ್ನಿನ ಬೂಟುಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದವನು. ಅದನ್ನು ಆಪ್ತಮಿತ್ರ ಫಾರ್ಸ್ಟರ್‌ಗೆ ಬಿಟ್ಟರೆ ಹೆಚ್ಚು ಜನಕ್ಕೆ ಹೇಳಲಿಲ್ಲ. ಲೋಕಕ್ಕೆ ತಿಳಿದದ್ದು ಅವನು ಸತ್ತ ಮೇಲೆ. 1857ರಲ್ಲಿ ಆಂಡರ್ಸನ್ ಅವನ ಮನೆಗೆ ಅತಿಥಿಯಾಗಿ ಹೋಗಿ ಐದು ವಾರ ಠಿಕಾಣಿ ಹೂಡಿದ, ಮನೆಮಂದಿಗೆಲ್ಲ ಸಾಕುಬೇಕಾಯಿತು, ಡಿಕನ್ಸ್ ಕ್ರಮೇಣ ಪತ್ರ ಬರೆಯುವುದನ್ನೇ ಬಿಟ್ಟ. ಈ ನಗೆಪಾಟಲನ್ನು ಎಲ್ಲರೂ ಹೇಳುತ್ತಾರೆ. ಹಸಿದ ಮಕ್ಕಳ ಬಗ್ಗೆ ಆ ಶತಮಾನದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆದ ಇಬ್ಬರು ಐದು ವಾರ ಒಂದೇ ಸೂರಿನಡಿ ಇದ್ದರು ಎಂಬುದು ನನಗೆ ಹೆಚ್ಚು ಕುತೂಹಲದ ಸಂಗತಿ. ಆಂಡರ್ಸನ್ ತನ್ನ ಬಡತನವನ್ನು ಗೆಲುವಿನ ಕತೆಯ ಮೊದಲ ಅಧ್ಯಾಯವನ್ನಾಗಿ ಮಾಡಿ ಊರಿಗೆಲ್ಲ ಹೇಳುತ್ತಿದ್ದ. ಡಿಕನ್ಸ್ ತುಟಿ ಬಿಚ್ಚಲಿಲ್ಲ. ಇಬ್ಬರಿಗೂ ಅದನ್ನು ಇದ್ದದ್ದು ಇದ್ದಂತೆ ಹೇಳಲಾಗಲಿಲ್ಲ, ಕತೆಯ ಮರೆ ಬೇಕಾಯಿತು.

1867ರ ಡಿಸೆಂಬರಿನಲ್ಲಿ ಓಡೆನ್ಸ ದೀಪಗಳನ್ನು ಹಚ್ಚಿ ತನ್ನ ಮಗನನ್ನು ಗೌರವ ಪ್ರಜೆಯಾಗಿ ಸ್ವೀಕರಿಸಿತು, ಶಕುನದ ಹೆಂಗಸು ಗೆದ್ದಳು. 1860ರ ದಶಕದಲ್ಲಿ ಅವನು ಕೋಪನ್‌ಹೇಗನ್ನಿನ ಕಾರ್ಮಿಕರ 	ಸಂಘದಲ್ಲಿ, ತನ್ನ ಅಪ್ಪನಂಥ ಕಸುಬುದಾರರು ತುಂಬಿದ ಸಭೆಗಳಲ್ಲಿ, ಕತೆಗಳನ್ನು ಓದಿ ಹೇಳತೊಡಗಿದ್ದ. ಅವನ ಕತೆಗಳನ್ನು ಗಂಭೀರ ಸಾಹಿತ್ಯವೆಂದು ಪರಿಗಣಿಸಿದ ದೊಡ್ಡ ವಿಮರ್ಶಕ ಗಿಯೋರ್ಗ್ ಬ್ರಾಂಡೆಸ್‌ಗೆ ಬಾತುಮರಿಯ ಮುಕ್ತಾಯ ಹಿಡಿಸಿರಲಿಲ್ಲ. ಹಂಸವಾದದ್ದು ಹಾರಿಹೋಗಬೇಕು, ಇಲ್ಲವೇ ಸಾಯಬೇಕು. ಸಿರಿವಂತರ ತೋಟದ ಕೊಳದಲ್ಲಿ ಮಕ್ಕಳು ಎಸೆವ ರೊಟ್ಟಿಚೂರಿಗೆ ಸಾಕುಪ್ರಾಣಿಯಾಗಿ ಈಜುವುದೇ ಎಂದು ಅವನಿಗೆ ಬೇಸರ. ಬ್ರಾಂಡೆಸ್‌ನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ರೊಟ್ಟಿಚೂರು ಕತೆಯಲ್ಲಿ ನುಸುಳಿದ ಒಂದೇ ಒಂದು ನಿಜ ಎಂದು ನನಗೆ ತೋರುತ್ತದೆ. ಉಳಿದೆಲ್ಲವನ್ನೂ ಆಂಡರ್ಸನ್ ಮೊಟ್ಟೆಯ ಮಹಿಮೆಗೆ ಬಿಟ್ಟುಕೊಟ್ಟ, ರೊಟ್ಟಿಚೂರನ್ನು ಮಾತ್ರ ಮರೆಯಲಾಗಲಿಲ್ಲ.

ಸಾಯುವುದಕ್ಕೆ ಮೂರು ವರ್ಷ ಮುಂಚೆ, 1872ರಲ್ಲಿ, ಅವನು ‘ತೋಟಗಾರ ಮತ್ತು ಯಜಮಾನರು’ ಎಂಬ ಕತೆ ಬರೆದ. ತೋಟಗಾರ ಲಾರ್ಸೆನ್ ಬೆಳೆದ ಸೇಬು, ಪೇರು, ಕರಬೂಜಗಳನ್ನು ಯಜಮಾನ ದಂಪತಿ ಬೇರೆಯವರ ಮನೆಯಲ್ಲಿ ತಿಂದು ಮೆಚ್ಚುತ್ತಾರೆ, ಅವು ತಮ್ಮ ತೋಟದವೇ ಎಂದು ತಿಳಿದಾಗ ಕಸಿವಿಸಿಗೊಳ್ಳುತ್ತಾರೆ. ಊರು ಹೊಗಳಿದರೆ ಲಾರ್ಸೆನ್ ನಮ್ಮವನು ಎಂದು ಬೀಗುತ್ತಾರೆ, ಅವನಿಗೆ ತಲೆ ತಿರುಗೀತೆಂದು ಅವನೆದುರು ಹೊಗಳುವುದಿಲ್ಲ. ಬೇಕಾದರೆ ಅವರು ಅವನನ್ನು ಕೆಲಸದಿಂದ ತೆಗೆಯಬಹುದು, ಆದರೆ ಒಳ್ಳೆಯವರಾದ್ದರಿಂದ ತೆಗೆಯುವುದಿಲ್ಲ, ಅಂಥ ಒಳ್ಳೆಯವರು ಬಹಳ ಜನರಿದ್ದಾರೆ ಎಂದು ಕತೆ ತಣ್ಣಗೆ ಹೇಳುತ್ತದೆ. ಮೊಟ್ಟೆ, ಹಂಸ, ಹುಟ್ಟುಗುಣ ಯಾವುದೂ ಇಲ್ಲಿಲ್ಲ. ನೆಲ ಒಬ್ಬರದು, ದುಡಿಮೆ ಇನ್ನೊಬ್ಬನದು, ಫಲದ ಮೇಲಿನ ಹೆಸರು ಯಾರದೆಂಬ ತಕರಾರು ಇತ್ಯರ್ಥವಾಗುವುದಿಲ್ಲ. ಮೊಟ್ಟೆಯ ಆ ಜಗಳಕ್ಕೆ ಆಗ ಮೂವತ್ತನಾಲ್ಕು ವರ್ಷವಾಗಿತ್ತು, ಕೀರ್ಕೆಗಾರ್ಡ್ ಸತ್ತು ಹದಿನೇಳು ವರ್ಷ. ಬಾತುಮರಿಯನ್ನು ಪಾಠವಾಗಿ ಇಟ್ಟ ಪುಸ್ತಕಗಳಲ್ಲಿ ಅದರ ಪಕ್ಕಕ್ಕೇ ಲಾರ್ಸೆನ್ನನ ಕತೆಯನ್ನೂ ಇಟ್ಟು, ಎರಡರಲ್ಲಿ ಯಾವುದನ್ನು ನಂಬುತ್ತೀರಿ ಎಂದು ಮಕ್ಕಳನ್ನೇ ಕೇಳಬಹುದು.